ರೋಗ ತಡೆಯುವ ಶಕ್ತಿ ಬಾಟಲಿಯಲ್ಲಿ ಸಿಗುವುದಿಲ್ಲ
ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಟೊಮೇಟೊ ಬೆಳೆಗಾರರಿಗೆ ಒಂದು ಬಹಿರಂಗ ಪತ್ರ

ಟೊಮೇಟೊ ಬೆಳೆಗಾರ ಬಂಧುಗಳೇ,

ಮುಳಬಾಗಿಲು, ಶ್ರೀನಿವಾಸಪುರ, ಚಿಂತಾಮಣಿ, ಯಾವ ಊರಿನ ಔಷಧಿ ಅಂಗಡಿಗೆ ಹೋದರೂ ಈಗ ಒಂದು ಕಪಾಟು ‘ಗಿಡದ ಇಮ್ಯುನಿಟಿ ಹೆಚ್ಚಿಸುವ’ ಬಾಟಲಿಗಳಿಗೇ ಮೀಸಲು. ಟ್ಯಾಂಕಿಗೆ ಇಷ್ಟು ಬೆರೆಸಿ ಹೊಡೆದರೆ ಎಲೆ ಮುದುಡುವುದಿಲ್ಲ, ಗಿಡ ಸೊರಗುವುದಿಲ್ಲ, ಅಂಗಮಾರಿ ಹತ್ತಿರ ಸುಳಿಯುವುದಿಲ್ಲ ಎಂಬ ಮಾತು ಜೊತೆಗೆ ಉಚಿತ. ಬೀಜ, ಕಡ್ಡಿ, ಡ್ರಿಪ್, ಮಲ್ಚಿಂಗ್ ಪೇಪರ್, ಕೂಲಿ ಎಂದು ಸಾಲ ಮಾಡಿ ಸುರಿದವರು ಎಲೆ ಮುದುಡುವುದನ್ನು ಕಂಡಾಗ ಆ ಬಾಟಲಿಗೆ ಕೈ ಚಾಚುವುದು ಸಹಜ. 2023ರ ಜುಲೈನಲ್ಲಿ ಕೋಲಾರದ ಮಂಡಿಯಲ್ಲಿ 15 ಕಿಲೋ ಬಾಕ್ಸು 2,000 ರೂಪಾಯಿ ದಾಟಿದಾಗ ಎಷ್ಟೋ ತೋಟಗಳಲ್ಲಿ ಕೀಳಲು ಹಣ್ಣೇ ಇರಲಿಲ್ಲ. ಅದಕ್ಕೆ ಎಲೆ ಮುದುಡು ನಂಜೂ ಒಂದು ಕಾರಣ ಎಂಬುದು ನಿಮಗೆ ಗೊತ್ತಿದೆ.

ನಾನು ಹೇಳಬೇಕೆಂದಿರುವುದು ಇಷ್ಟು. ಗಿಡಕ್ಕೆ ರೋಗ ತಡೆಯುವ ಶಕ್ತಿ ಖಂಡಿತ ಇದೆ. ಒಂದೇ ಗಿಡ ಮೂರು ನಾಲ್ಕು ರೋಗಗಳನ್ನು ತಡೆದುಕೊಳ್ಳುವಂತೆ ಮಾಡಬಹುದು, ಮಾಡಿದ್ದಾರೆ ಕೂಡ. ಆದರೆ ಆ ಶಕ್ತಿ ಬರುವುದು ಬೀಜದಿಂದ, ನರ್ಸರಿಯಿಂದ, ಮಣ್ಣಿನಿಂದ. ಬಂದದ್ದು ಉಳಿಯುವುದು ಅಕ್ಕಪಕ್ಕದ ತೋಟದವರು ಒಟ್ಟಾಗಿ ನಡೆದುಕೊಂಡರೆ ಮಾತ್ರ. ಬಾಟಲಿಯ ಪಾತ್ರ ಇದರಲ್ಲಿ ಬಹಳ ಸಣ್ಣದು. ಯಾಕೆ ಹಾಗೆ ಎಂದು ವಿವರಿಸುತ್ತೇನೆ.

ನಮ್ಮ ಮೈಯಲ್ಲಿ ರಕ್ತದ ಜೊತೆ ಓಡಾಡುತ್ತ ರೋಗಾಣುಗಳನ್ನು ಹುಡುಕುವ ಬಿಳಿ ರಕ್ತಕಣಗಳಿವೆ, ಪ್ರತಿಕಾಯಗಳಿವೆ. ಗಿಡಕ್ಕೆ ಇವೆರಡೂ ಇಲ್ಲ. ಅದರ ಪ್ರತಿಯೊಂದು ಜೀವಕೋಶವೂ ತನ್ನನ್ನು ತಾನೇ ಕಾಪಾಡಿಕೊಳ್ಳಬೇಕು. ಇದಕ್ಕೆ ಎರಡು ಹಂತದ ಏರ್ಪಾಡಿದೆ. ಮೊದಲನೆಯದು ಕೋಶದ ಹೊರಪೊರೆಯಲ್ಲಿ. ಶಿಲೀಂಧ್ರದ ಗೋಡೆಯ ಚೂರೋ ದುಂಡಾಣುವಿನ ಬಾಲದ ಚೂರೋ ತಾಗಿದ ಕೂಡಲೇ ಗುರುತು ಹಿಡಿಯುವ ಪ್ರೋಟೀನುಗಳು ಅಲ್ಲಿರುತ್ತವೆ. ಗುರುತು ಸಿಕ್ಕರೆ ಕೋಶದ ಗೋಡೆ ದಪ್ಪವಾಗುತ್ತದೆ, ರೋಗಾಣುವಿಗೆ ಆಗದ ರಾಸಾಯನಿಕಗಳು ತಯಾರಾಗುತ್ತವೆ. ಇದನ್ನು ಅಡಗಿಸಲು ಪಳಗಿದ ರೋಗಾಣು ತನ್ನದೇ ಪ್ರೋಟೀನುಗಳನ್ನು ಕೋಶದೊಳಕ್ಕೆ ನುಗ್ಗಿಸುತ್ತದೆ. ಅವನ್ನು ಒಳಗೇ ಪತ್ತೆ ಮಾಡುವುದು ಎರಡನೆಯ ಹಂತ. ಈ ಪತ್ತೆ ಕೆಲಸಕ್ಕೆ ಟೊಮೇಟೊದಲ್ಲಿ ಮುನ್ನೂರರ ಆಸುಪಾಸು ಜೀನ್‌ಗಳಿವೆ. ಪತ್ತೆಯಾದರೆ ರೋಗಾಣು ಹೊಕ್ಕ ಕೋಶ ತಾನೇ ಸತ್ತು ಅದನ್ನು ಅಲ್ಲೇ ಕಟ್ಟಿಹಾಕುತ್ತದೆ. ಎಲೆಯ ಮೇಲೆ ಸೂಜಿಮೊನೆಯಷ್ಟು ಕಂದು ಚುಕ್ಕೆ ಬಿದ್ದು, ವಾರ ಕಳೆದರೂ ಅಷ್ಟಕ್ಕೇ ನಿಂತಿದ್ದರೆ ಅದು ಗಿಡ ಗೆದ್ದ ಗುರುತೂ ಆಗಿರಬಹುದು. ಚುಕ್ಕೆ ದೊಡ್ಡದಾಗುತ್ತ ಒಳಗೆ ಉಂಗುರದ ಮೇಲೆ ಉಂಗುರ ಮೂಡಿ, ಸುತ್ತ ಎಲೆ ಹಳದಿಯಾದರೆ ಮಾತ್ರ ಅದು ಎಲೆಚುಕ್ಕೆ ಅಂಗಮಾರಿ.

ಈಗ ಸೊರಗು ರೋಗಕ್ಕೆ ಬರೋಣ. ಮಧ್ಯಾಹ್ನ ಬಾಡಿದ ಗಿಡ ಸಂಜೆಗೆ ಚೇತರಿಸಿಕೊಂಡಂತೆ ಕಂಡು, ಎರಡು ಮೂರು ದಿನದಲ್ಲಿ ಹಸಿರಾಗಿರುವಾಗಲೇ ಪೂರ್ತಿ ಜೋತು ಬೀಳುತ್ತದೆ. ಬುಡದ ಹತ್ತಿರ ಕಾಂಡ ಕತ್ತರಿಸಿ ಗಾಜಿನ ಲೋಟದ ನೀರಿನಲ್ಲಿ ಅಲುಗಾಡದಂತೆ ಹಿಡಿಯಿರಿ. ಸ್ವಲ್ಪ ಹೊತ್ತಿನಲ್ಲೇ ಕತ್ತರಿಸಿದ ತುದಿಯಿಂದ ಹಾಲಿನಂಥ ಬಿಳಿ ಎಳೆ ಕೆಳಗಿಳಿದರೆ ಅದು ರಾಲ್ಸ್ಟೋನಿಯಾ ಎಂಬ ದುಂಡಾಣು. ಎಳೆ ಇಳಿಯದಿದ್ದರೆ ಬಾಡಲು ಬೇರೆ ಕಾರಣ ಹುಡುಕಬೇಕು. ಈ ದುಂಡಾಣುವಿಗೂ ಬಾಲವಿದೆ. ಆದರೆ ಅದರ ಬಾಲದ ಪ್ರೋಟೀನು ಟೊಮೇಟೊದ ಕಣ್ಣಿಗೇ ಬೀಳುವುದಿಲ್ಲ ಎಂದು 2018ರಲ್ಲಿ ವಿಜ್ಞಾನಿಗಳು ತೋರಿಸಿದರು. ಬೇರೆ ದುಂಡಾಣುಗಳನ್ನು ಹೊಸಿಲಲ್ಲೇ ಗುರುತಿಸುವ ಏರ್ಪಾಡು ಇದರ ಮುಂದೆ ಬಹುಪಾಲು ಕುರುಡು. ಇಂಥ ಕಡೆ ‘ಇರುವ ಶಕ್ತಿಯನ್ನು ಹೆಚ್ಚಿಸುತ್ತೇವೆ’ ಎನ್ನುವುದರಲ್ಲಿ ಅರ್ಥವಿಲ್ಲ. ಕಾಣದ ಶತ್ರುವಿನ ಮೇಲೆ ಎಷ್ಟು ಶಕ್ತಿ ಇದ್ದರೇನು? ಕಾಣುವ ಹಾಗೆ ಮಾಡಬೇಕು. ಇಂಗ್ಲೆಂಡಿನ ನಾರ್ವಿಚ್‌ನ ಸೇನ್ಸ್‌ಬರಿ ಪ್ರಯೋಗಾಲಯದವರು 2010ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಮಾಡಿದ್ದು ಅದನ್ನೇ. ಸಾಸಿವೆ ಜಾತಿಯ ಒಂದು ಕಳೆಗಿಡದಲ್ಲಿರುವ, ದುಂಡಾಣುಗಳ ಬೇರೊಂದು ಪ್ರೋಟೀನನ್ನು ಗುರುತಿಸುವ ಜೀನ್ ಒಂದನ್ನು ಟೊಮೇಟೊಗೆ ಸೇರಿಸಿದರು. ಅದೊಂದರಿಂದಲೇ ಗಿಡ ಸೊರಗು ರೋಗವೂ ಸೇರಿ ಹಲವು ದುಂಡಾಣು ರೋಗಗಳನ್ನು ತಡೆದುಕೊಂಡಿತು. ಕುಲಾಂತರಿ ಟೊಮೇಟೊ ಬೆಳೆಯಲು ನಮ್ಮ ದೇಶದಲ್ಲಿ ಅನುಮತಿ ಇಲ್ಲ. ಆ ವಾದಕ್ಕೆ ನಾನಿಲ್ಲಿ ಇಳಿಯುವುದಿಲ್ಲ. ಒಂದೇ ಬದಲಾವಣೆ ಹಲವು ರೋಗಗಳಿಗೆ ತಡೆಯಾಗಬಲ್ಲದು ಎಂಬುದಷ್ಟೇ ಇಲ್ಲಿ ಮುಖ್ಯ.

ಗಿಡದೊಳಗೆ ಈ ಪತ್ತೆ ಜೀನ್‌ಗಳು ಒಂದೊಂದೂ ಪ್ರತ್ಯೇಕವಾಗಿ ಕೆಲಸ ಮಾಡುವುದಿಲ್ಲ ಎನ್ನುವುದು ಇತ್ತೀಚೆಗೆ ತಿಳಿದ ದೊಡ್ಡ ವಿಷಯ. ಟೊಮೇಟೊ, ಆಲೂಗಡ್ಡೆ, ಬದನೆ, ಮೆಣಸಿನಕಾಯಿ ಎಲ್ಲ ಒಂದೇ ಕುಟುಂಬ. ಈ ಕುಟುಂಬದಲ್ಲಿ ನಂಜನ್ನು ಹಿಡಿಯುವ ಜೀನ್ ಬೇರೆ, ದುಂಡಾಣುವನ್ನು ಹಿಡಿಯುವುದು ಬೇರೆ, ಅಂಗಮಾರಿಯನ್ನು ಹಿಡಿಯುವುದು ಬೇರೆ, ಬೇರುಗಂಟು ಜಂತುಹುಳುವನ್ನು ಹಿಡಿಯುವುದು ಬೇರೆ. ಆದರೆ ಇವುಗಳಲ್ಲಿ ಬಹಳಷ್ಟು, ಪತ್ತೆಯಾದ ಮೇಲೆ ಮುಂದಿನ ಕ್ರಮಕ್ಕೆ ಮೂರೇ ಮೂರು ಸಹಾಯಕ ಜೀನ್‌ಗಳನ್ನು ನಂಬಿಕೊಂಡಿವೆ ಎಂದು 2017ರಲ್ಲಿ ಗೊತ್ತಾಯಿತು. ಊರಿನ ಹತ್ತಾರು ಬೋರ್‌ವೆಲ್ ಮೋಟಾರುಗಳು ಮೂರು ಟ್ರಾನ್ಸ್‌ಫಾರ್ಮರ್ ಮೇಲೆ ನಿಂತ ಹಾಗೆ. ಒಂದು ಕೈಕೊಟ್ಟರೆ ಇನ್ನೊಂದು ಸ್ವಲ್ಪ ಹೊತ್ತು ತೂಗಿಸಿಕೊಂಡು ಹೋಗುತ್ತದೆ. ಅದನ್ನೇ ಯಾರಾದರೂ ಸುಟ್ಟರೆ ಒಟ್ಟಿಗೇ ಹಲವು ಮೋಟಾರು ನಿಲ್ಲುತ್ತವೆ. ಆಲೂಗಡ್ಡೆ ಬೇರಿನ ಒಂದು ಜಂತುಹುಳು ಈ ಸಹಾಯಕರಲ್ಲಿ ಎರಡನ್ನು ನೇರವಾಗಿ ಅಡಗಿಸುವುದು ಕಂಡುಬಂದಿದೆ. ಜಂತುಹುಳು ಹೊಕ್ಕ ಬೇರು ಬೇರೆ ರೋಗಕ್ಕೂ ಬೇಗ ತುತ್ತಾಗುವುದನ್ನು ನೀವು ನಿಮ್ಮ ತೋಟದಲ್ಲೇ ನೋಡಿರುತ್ತೀರಿ. ನಮ್ಮ ಬೇರುಗಂಟು ಹುಳುವಿನ ಮಟ್ಟಿಗೆ ಅದಕ್ಕೆ ಇನ್ನೂ ಸರಳ ಕಾರಣವಿದೆ. ಅದು ಮಾಡಿದ ಗಾಯದಲ್ಲೇ ಸೊರಗು ರೋಗದ ದುಂಡಾಣು ಒಳನುಗ್ಗುತ್ತದೆ.

ಈ ಜಂತುಹುಳುವಿಗೆ ತಡೆಯೊಡ್ಡುವ ‘ಎಂಐ’ ಎಂಬ ಜೀನಿನ ಕತೆ ಗೊತ್ತಿದ್ದರೆ ಒಳ್ಳೆಯದು. ಅದು ಇದ್ದದ್ದು ಪೆರು ದೇಶದ ಕಾಡು ಟೊಮೇಟೊದಲ್ಲಿ. ಊರ ಟೊಮೇಟೊಗೂ ಅದಕ್ಕೂ ಹೊಂದಿಕೆಯಿಲ್ಲ. ಅಡ್ಡತಳಿ ಮಾಡಿದರೆ ಬೀಜ ಬಲಿಯುವ ಮೊದಲೇ ಸಾಯುತ್ತದೆ. 1944ರ ಸುಮಾರಿಗೆ ಅಮೆರಿಕದಲ್ಲಿ ಬಲಿಯದ ಬೀಜದೊಳಗಿನ ಭ್ರೂಣವನ್ನು ಹೊರತೆಗೆದು ಪ್ರಯೋಗಾಲಯದಲ್ಲಿ ಸಾಕಿ ಒಂದು ಗಿಡ ಉಳಿಸಿಕೊಂಡರು. ಈ ಜೀನ್ ಇರುವ ಇಂದಿನ ಟೊಮೇಟೊ ತಳಿಗಳೆಲ್ಲ ಆ ಒಂದು ಗಿಡದ ಸಂತಾನ. ಸ್ವಾರಸ್ಯವೆಂದರೆ ಈ ಒಂದೇ ಜೀನ್ ಬೇರುಗಂಟು ಹುಳುವಿನ ಮೂರು ಪ್ರಭೇದಗಳನ್ನು ತಡೆಯುವುದರ ಜೊತೆಗೆ ಒಂದು ಜಾತಿಯ ಹೇನನ್ನು, ಒಂದಿಷ್ಟು ಮಟ್ಟಿಗೆ ಬಿಳಿ ನೊಣವನ್ನೂ ಹಿಂದಕ್ಕೆ ತಳ್ಳುತ್ತದೆ. ಆದರೆ ಮಣ್ಣಿನ ಬಿಸಿ 28 ಡಿಗ್ರಿ ಸೆಲ್ಸಿಯಸ್ ದಾಟಿದರೆ ಜಂತುಹುಳುವಿನ ಎದುರು ಅದರ ಬಲ ಕುಸಿಯುತ್ತದೆ. ಬೇಸಿಗೆ ನಾಟಿಯಲ್ಲಿ ನಮ್ಮ ಬಯಲುಸೀಮೆಯ ಮಣ್ಣು ಆ ಗೆರೆ ದಾಟುವುದು ಎಷ್ಟು ಸುಲಭ ಎಂದು ನಿಮಗೆ ಹೇಳಬೇಕಿಲ್ಲ. ಒಳ್ಳೆಯ ತಳಿ ಹಾಕಿದ್ದೇನೆ ಎಂದು ಮಣ್ಣನ್ನು ಮರೆಯುವ ಹಾಗಿಲ್ಲ.

‘ಎಲ್ಲ ರೋಗಕ್ಕೂ ಒಂದೇ ಮದ್ದು’ ಎಂಬ ಮಾತನ್ನು ನಂಬದಿರಲು ಇನ್ನೂ ಆಳದ ಕಾರಣವೊಂದಿದೆ. ಗಿಡದ ಶತ್ರುಗಳಲ್ಲಿ ಎರಡು ಬಗೆ. ನಂಜಿನಂಥವು ಜೀವಂತ ಕೋಶದಲ್ಲೇ ಬದುಕುತ್ತವೆ. ಎಲೆಚುಕ್ಕೆ ತರುವ ಶಿಲೀಂಧ್ರದಂಥವು ಕೋಶವನ್ನು ಸಾಯಿಸಿ ತಿನ್ನುತ್ತವೆ. ಮೊದಲ ಬಗೆಯವಕ್ಕೆ ಗಿಡ ಮುಖ್ಯವಾಗಿ ಸ್ಯಾಲಿಸಿಲಿಕ್ ಆಮ್ಲದ ದಾರಿಯಲ್ಲಿ ಉತ್ತರ ಕೊಡುತ್ತದೆ, ಎರಡನೆಯ ಬಗೆಯವಕ್ಕೂ ಎಲೆ ತಿನ್ನುವ ಹುಳುಗಳಿಗೂ ಜಾಸ್ಮೋನಿಕ್ ಆಮ್ಲದ ದಾರಿಯಲ್ಲಿ. ಒಂದು ಏರಿದಾಗ ಸಾಮಾನ್ಯವಾಗಿ ಇನ್ನೊಂದು ಇಳಿಯುತ್ತದೆ. ಯಾವುದೋ ಒಂದನ್ನು ಹೊರಗಿನಿಂದ ಹೊಡೆದು ಏರಿಸಿದರೆ ಇನ್ನೊಂದು ಬಾಗಿಲು ಸಡಿಲವಾಗಬಹುದು. ಎರಡನ್ನೂ ಸದಾ ಏರಿಸಿಟ್ಟರೆ ಗಿಡ ಕುಳ್ಳಾಗಿ ಇಳುವರಿ ಹೋಗುತ್ತದೆ. ಬೆಳೆಯಲು ಬೇಕಾದ ಆಹಾರವೆಲ್ಲ ರಕ್ಷಣೆಗೇ ಖರ್ಚಾಗುತ್ತದೆ.

ಅಮೆರಿಕದ ಓಟ್ಸ್ ಬೆಳೆಗಾರರು ಇಂಥದ್ದೊಂದು ಪಾಠಕ್ಕೆ ದುಬಾರಿ ಬೆಲೆ ಕೊಟ್ಟರು. ತುಕ್ಕು ರೋಗ ತಡೆಯುವ ‘ವಿಕ್ಟೋರಿಯಾ’ ಎಂಬ ಮೂಲದಿಂದ ಬಂದ ತಳಿಗಳು 1940ರ ದಶಕದಲ್ಲಿ ಅಲ್ಲಿ ಹೊಲಹೊಲಕ್ಕೂ ಹಬ್ಬಿದವು. ತುಕ್ಕು ನಿಂತಿತು. ಆದರೆ ಅದುವರೆಗೆ ಯಾರೂ ಲೆಕ್ಕಕ್ಕಿಡದಿದ್ದ ಇನ್ನೊಂದು ಶಿಲೀಂಧ್ರ ಅದೇ ತಳಿಗಳ ಮೇಲೆ ಮಾತ್ರ ಎರಗಿತು, 1946-47ರಲ್ಲಿ ಹೊಲಗಳು ನೆಲಕಚ್ಚಿದವು. ಒಂದು ರೋಗಕ್ಕೆ ತಡೆ ಕೊಟ್ಟ ಗುಣವೇ ಇನ್ನೊಂದಕ್ಕೆ ದಾರಿಯಾಗಿತ್ತು. ಇದಕ್ಕೆ ಎದುರಾದ ಉದಾಹರಣೆಯೂ ಉಂಟು. ಗೋಧಿಯ ‘ಎಲ್ಆರ್ 34’ ಎಂಬ ಜೀನ್ ಎಲೆ ತುಕ್ಕು, ಹಳದಿ ತುಕ್ಕು, ಕಾಂಡ ತುಕ್ಕು, ಬೂದಿ ರೋಗ ನಾಲ್ಕನ್ನೂ ನಿಧಾನಗೊಳಿಸುತ್ತದೆ. ಯಾವುದನ್ನೂ ಪೂರ್ತಿ ನಿಲ್ಲಿಸುವುದಿಲ್ಲ. ಬಹುಶಃ ಅದಕ್ಕೇ ದಶಕಗಟ್ಟಲೆ ಬಾಳಿದೆ. ಅದಕ್ಕೂ ಗಿಡ ಬೆಲೆ ತೆರುತ್ತದೆ: ಬಲಿತ ಎಲೆಯ ತುದಿ ಒಣಗುತ್ತದೆ. ರೋಗವನ್ನು ಅಳಿಸಿಹಾಕದೆ ತಡಮಾಡಿಸುವ ತಳಿ ‘ಕಡಿಮೆ’ ತಳಿಯಲ್ಲ ಎಂಬುದನ್ನು ಇದು ಹೇಳುತ್ತದೆ.

ನಮ್ಮ ಟೊಮೇಟೊದಲ್ಲಿ ಆಗಿರುವ ಕೆಲಸ ಸಣ್ಣದಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಎಲೆ ಮುದುಡು ನಂಜನ್ನು ತಡೆಯುವ ನಂದಿ, ಸಂಕ್ರಾಂತಿ, ವೈಭವ್ ತಳಿಗಳನ್ನು ಸುಮಾರು ಎರಡು ದಶಕದ ಹಿಂದೆಯೇ ಕೊಟ್ಟಿತು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್, ಅರ್ಕಾ ಸಾಮ್ರಾಟ್ ಎಂಬ ಸಂಕರಣ ತಳಿಗಳು ಎಲೆ ಮುದುಡು, ಸೊರಗು, ಎಲೆಚುಕ್ಕೆ ಅಂಗಮಾರಿ ಮೂರನ್ನೂ ತಡೆದುಕೊಳ್ಳುತ್ತವೆ. ಅವುಗಳ ನಂತರದ ಅರ್ಕಾ ಅಭೇದ್, ಮಳೆ ಮತ್ತು ಚಳಿಯಲ್ಲಿ ಕಾಡುವ ಕೊನೆ ಅಂಗಮಾರಿಗೂ ತಡೆ ಸೇರಿಸಿಕೊಂಡಿತು.

ಈ ತಡೆ ಗುಣಗಳ ತವರು ಮತ್ತೆ ದಕ್ಷಿಣ ಅಮೆರಿಕದ ಕಾಡು ಟೊಮೇಟೊಗಳೇ. ಎಲೆ ಮುದುಡಿಗೆ ‘ಟಿವೈ’ ಎಂದು ಹೆಸರಿಟ್ಟ ಜೀನ್‌ಗಳಲ್ಲಿ ಕೆಲವು ಚಿಲಿ ಮೂಲದ ಜಾತಿಯವು. ಒಂದು, ಹಣ್ಣಾದರೂ ಹಸಿರಾಗಿಯೇ ಉಳಿಯುವ, ಮೈತುಂಬ ಕೂದಲಿನ ಇನ್ನೊಂದು ಕಾಡು ಜಾತಿಯಿಂದ ಬಂದದ್ದು. ‘ಟಿವೈ 1’ ನಂಜಿನ ಜೀನ್‌ಗಳಿಗೆ ಬೀಗ ಹಾಕಿ ಅದು ವೃದ್ಧಿಯಾಗದಂತೆ ನೋಡಿಕೊಳ್ಳುತ್ತದೆ, ನಂಜನ್ನು ಪೂರ್ತಿ ಕೊಲ್ಲುವುದಿಲ್ಲ. ಹಾಗಾಗಿ ರೋಗ ಕಾಣಿಸದ ಗಿಡದಲ್ಲೂ ಸ್ವಲ್ಪ ನಂಜು ಇರಬಹುದು, ಬಿಳಿ ನೊಣ ಅದನ್ನು ಪಕ್ಕದ ತೋಟಕ್ಕೆ ಒಯ್ಯಬಹುದು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಬೀಜದ ಪೊಟ್ಟಣ ಕೊಳ್ಳುವಾಗ ಹಣ್ಣಿನ ಚಿತ್ರ ನೋಡುವ ಮೊದಲು ತಿರುಗಿಸಿ ಹಿಂಬದಿ ಓದಿ. ಬಹುಪಾಲು ಕಂಪನಿಗಳು ಅಲ್ಲಿ ಅಥವಾ ತಮ್ಮ ಕರಪತ್ರದಲ್ಲಿ ‘ಎಚ್ಆರ್’, ‘ಐಆರ್’ ಎಂಬ ಅಕ್ಷರಗಳನ್ನೂ ಮುಂದೆ ರೋಗದ ಸಂಕೇತವನ್ನೂ ಹಾಕಿರುತ್ತವೆ. ಎಚ್ಆರ್ ಎಂದರೆ ಸಾಮಾನ್ಯ ಒತ್ತಡದಲ್ಲಿ ರೋಗವನ್ನು ಚೆನ್ನಾಗಿ ತಡೆಯುತ್ತದೆ, ರೋಗ ವಿಪರೀತವಾದರೆ ಒಂದಿಷ್ಟು ಕಾಣಿಸಬಹುದು. ಐಆರ್ ಎಂದರೆ ಮಧ್ಯಮ ತಡೆ: ರೋಗ ಬರುತ್ತದೆ, ತಡೆಯಿಲ್ಲದ ತಳಿಗಿಂತ ಕಡಿಮೆ ಬರುತ್ತದೆ. ಸಂಕೇತಗಳಲ್ಲಿ ‘ಆರ್‌ಎಸ್’ ಸೊರಗು ರೋಗ, ‘ಪಿಐ’ ಕೊನೆ ಅಂಗಮಾರಿ, ‘ಎಂಎ, ಎಂಐ, ಎಂಜೆ’ ಬೇರುಗಂಟು ಹುಳುಗಳು. ಎಲೆ ಮುದುಡಿನ ಸಂಕೇತದಲ್ಲಿ ಎಚ್ಚರ ಬೇಕು. ಈ ನಂಜಿನಲ್ಲಿ ಹಲವು ಪ್ರಭೇದಗಳಿವೆ. ಬೇರೆ ದೇಶದ ಪ್ರಭೇದಕ್ಕೆ ಪರೀಕ್ಷಿಸಿದ ತಳಿ ಬೆಂಗಳೂರಿನ ಸುತ್ತಲ ಪ್ರಭೇದದ ಎದುರು ಸೋಲಬಹುದು. ‘ವೈರಸ್ ಬರಲ್ಲ ಸಾರ್’ ಎಂದಷ್ಟೇ ಹೇಳುವವರನ್ನು ಯಾವ ನಂಜು, ಎಷ್ಟು ತಡೆ, ಎಲ್ಲಿ ಪರೀಕ್ಷೆ ಎಂದು ಕೇಳಿ. ಉತ್ತರ ಬಾರದಿದ್ದರೆ ಅದೇ ಉತ್ತರ.

ನಿಮ್ಮ ಜಮೀನಿನ ಮುಖ್ಯ ಶತ್ರು ಯಾವುದೆಂದು ನೋಡಿ ತಳಿ ಆರಿಸಿ. ಸೊರಗು ರೋಗ ಬೇರೂರಿದ ಜಾಗದಲ್ಲಿ ಬದನೆಯ ಬುಡಕ್ಕೆ ಟೊಮೇಟೊ ಕಸಿ ಮಾಡಿದ ಸಸಿ ನೆಡುವುದು ಪರೀಕ್ಷೆಯಾದ ದಾರಿ. ತೈವಾನ್‌ನಲ್ಲಿರುವ ವಿಶ್ವ ತರಕಾರಿ ಕೇಂದ್ರ ಇದನ್ನು ಬಹಳ ಕಾಲದಿಂದ ಹೇಳುತ್ತ ಬಂದಿದೆ. ಆದರೆ ಕಸಿ ಬೇರಿನ ರೋಗಕ್ಕೆ ಮಾತ್ರ. ಎಲೆಗೆ ಬರುವ ನಂಜಿಗೆ ಮೇಲಿನ ತಳಿಯೇ ಗತಿ.

ಎಲೆ ಮುದುಡು ಎಳೆಯ ಗಿಡಕ್ಕೆ ತಗಲಿದರೆ ಬಹುತೇಕ ಇಳುವರಿಯೇ ಹೋದಂತೆ, ಬಲಿತ ಗಿಡಕ್ಕೆ ತಗಲಿದರೆ ನಷ್ಟ ಕಡಿಮೆ. ಆದ್ದರಿಂದ ನರ್ಸರಿಯ ದಿನಗಳೇ ನಿರ್ಣಾಯಕ. 40ರಿಂದ 50 ಮೆಶ್ಶಿನ ನೈಲಾನ್ ಬಲೆಯೊಳಗೆ ಬೆಳೆದ ಸಸಿಗೂ ಬಯಲಲ್ಲಿ ಬೆಳೆದದ್ದಕ್ಕೂ ಇರುವ ವ್ಯತ್ಯಾಸವನ್ನು ಯಾವ ಟಾನಿಕ್ಕೂ ಮುಚ್ಚಲಾರದು. ಸಸಿ ತರುವ ದಿನ ನರ್ಸರಿಯ ಬಲೆಯಲ್ಲಿ ತೂತಿದೆಯೇ, ಬಾಗಿಲು ಎರಡಿದೆಯೇ, ಒಳಗೆ ಹಳದಿ ಅಂಟು ಹಾಳೆಗೆ ಬಿಳಿ ನೊಣ ಅಂಟಿವೆಯೇ ನೋಡಿ. ನಾಟಿ ಮಾಡಿದ ಮೇಲೆ ಯೂರಿಯಾ ಹೆಚ್ಚು ಕೊಟ್ಟು ಗಿಡ ಕೊಬ್ಬಿಸಿದರೆ ಎಳೆ ಚಿಗುರು ರಸ ಹೀರುವ ಕೀಟಗಳಿಗೆ ಔತಣವಾಗುತ್ತದೆ. ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿಯ ಜೊತೆ ಟ್ರೈಕೋಡರ್ಮಾ, ಸ್ಯೂಡೋಮೊನಾಸ್ ಬೆಳೆಸಿ ಮಣ್ಣಿಗೆ ಕೊಡುವುದಕ್ಕೆ ನಿಜವಾದ ಆಧಾರವಿದೆ. ಬೇರಿನ ಸುತ್ತ ನೆಲೆಸುವ ಇಂಥ ಕೆಲವು ಸೂಕ್ಷ್ಮಜೀವಿಗಳು ಎಲೆಯವರೆಗೂ ಎಚ್ಚರಿಕೆ ತಲುಪಿಸುತ್ತವೆ ಎಂದು 1991ರಿಂದಲೇ ತಿಳಿದಿದೆ. ಎಚ್ಚರದಲ್ಲಿರುವ ಗಿಡ ರೋಗ ಬಂದಾಗ ಬೇಗ ಎದ್ದೇಳುತ್ತದೆ. ಆದರೂ ಅದು ಪೂರಕ, ತಳಿಗೆ ಬದಲಿಯಲ್ಲ. ಟೊಮೇಟೊ ಮುಗಿದ ಜಾಗಕ್ಕೆ ಬದನೆ, ಆಲೂಗಡ್ಡೆ, ದೊಣ್ಣೆ ಮೆಣಸಿನಕಾಯಿ ಬೇಡ. ರಾಗಿ ಅಥವಾ ಮುಸುಕಿನ ಜೋಳ ಹಾಕಿ. ಜಂತುಹುಳು ಇದ್ದರೆ ಚೆಂಡು ಹೂವಿನ ಒಂದು ಬೆಳೆ ಅದನ್ನು ತಗ್ಗಿಸುತ್ತದೆ, ಹೂವಿಗೆ ಪೇಟೆಯೂ ಹತ್ತಿರದಲ್ಲೇ ಇದೆ.

ಇನ್ನು ಆ ಬಾಟಲಿಗಳ ಮಾತು. 2021ರಲ್ಲಿ ಕೇಂದ್ರ ಸರ್ಕಾರ ಜೈವಿಕ ಉತ್ತೇಜಕಗಳನ್ನು ರಸಗೊಬ್ಬರ ನಿಯಂತ್ರಣ ಆದೇಶದೊಳಗೆ ತಂದಿತು. ಅದರ ಪ್ರಕಾರ ಇವು ಪೋಷಕಾಂಶ ಹೀರಿಕೆ, ಬೆಳವಣಿಗೆ, ಇಳುವರಿ, ಬರ-ಬಿಸಿಲಿನಂಥ ಒತ್ತಡ ಸಹಿಸುವ ಗುಣಕ್ಕೆ ನೆರವಾಗುವ ವಸ್ತುಗಳು. ಕೀಟನಾಶಕ ಕಾಯ್ದೆಯಡಿ ಬರುವ ಔಷಧಿಗಳು ಇದರಲ್ಲಿ ಸೇರುವುದಿಲ್ಲ. ಅಂದರೆ ಉತ್ತೇಜಕವೆಂದು ನೋಂದಾಯಿಸಿದ ಬಾಟಲಿಯನ್ನು ರೋಗದ ಔಷಧಿಯೆಂದು ಮಾರುವ ಹಾಗಿಲ್ಲ. ನಂಜು ಹೊಕ್ಕ ಗಿಡವನ್ನು ವಾಸಿ ಮಾಡುವ ಔಷಧಿಯಂತೂ ಇಲ್ಲವೇ ಇಲ್ಲ. ಕೊಂಡದ್ದಕ್ಕೆ ಬಿಲ್ ಕೇಳಿ, ‘ಇದು ಈ ರೋಗ ತಡೆಯುತ್ತದೆ’ ಎಂಬ ಮಾತನ್ನು ಬರೆದು ಕೊಡಿ ಎನ್ನಿ. ಎಷ್ಟು ಜನ ಬರೆದು ಕೊಡುತ್ತಾರೆ ನೋಡೋಣ.

ಕೊನೆಯದಾಗಿ, ಪತ್ರವನ್ನು ಒಬ್ಬೊಬ್ಬರಿಗೆ ಬರೆಯದೆ ಎಲ್ಲರಿಗೂ ಸೇರಿಸಿ ಬರೆದದ್ದಕ್ಕೆ ಕಾರಣ ಹೇಳುತ್ತೇನೆ. ಬಿಳಿ ನೊಣ ಹತ್ತಿದ ಟೊಮೇಟೊ ಗಿಡ ಗಾಳಿಗೆ ಬಿಡುವ ವಾಸನೆಯಿಂದ ಪಕ್ಕದ ಆರೋಗ್ಯವಂತ ಗಿಡವೂ ಮೋಸಹೋಗುತ್ತದೆ ಎಂದು ಚೀನಾದ ವಿಜ್ಞಾನಿಗಳು 2019ರಲ್ಲಿ ವರದಿ ಮಾಡಿದರು. ಪಕ್ಕದ ಗಿಡ ಸ್ಯಾಲಿಸಿಲಿಕ್ ಆಮ್ಲದ ದಾರಿಯನ್ನು ಸಜ್ಜು ಮಾಡಿಕೊಂಡು, ನೊಣದ ಎದುರು ಬೇಕಾದ ಜಾಸ್ಮೋನಿಕ್ ದಾರಿಯನ್ನು ತಗ್ಗಿಸಿ ಕೂರುತ್ತದೆ. ನೊಣ ಬಂದಾಗ ಆ ಗಿಡ ಸುಲಭವಾಗಿ ತುತ್ತಾಗುತ್ತದೆ. ಇದಕ್ಕೆ ಮೇಲೆ ಹೇಳಿದ, ರೋಗ ಕಾಣಿಸದ ಗಿಡದಲ್ಲೂ ಉಳಿಯುವ ನಂಜನ್ನು ಸೇರಿಸಿ. ಬೆಲೆ ಬಿದ್ದಾಗ ಹಣ್ಣು ಕೀಳದೆ, ಗಿಡವನ್ನೂ ಕೀಳದೆ ಬಿಟ್ಟ ಒಂದು ಹಳೆಯ ತೋಟ ಸುತ್ತಲಿನ ಹೊಸ ನಾಟಿಗಳಿಗೆಲ್ಲ ನಂಜು ಹಂಚುತ್ತದೆ. ಹೀಗೆ ನಂಜು ತಿಂಗಳುಗಟ್ಟಲೆ ತಡೆ ತಳಿಯ ಎದುರೇ ಬೆಳೆಯುತ್ತಿದ್ದರೆ ಅದನ್ನು ಮುರಿಯುವ ಪ್ರಭೇದವೂ ಅಲ್ಲೇ ಹುಟ್ಟುತ್ತದೆ. ಎಷ್ಟೋ ದಶಕದ ದುಡಿಮೆಯಿಂದ ಬಂದ ಜೀನ್ ಒಂದನ್ನು ಕೆಲವೇ ವರ್ಷಗಳಲ್ಲಿ ಕಳೆದುಕೊಳ್ಳುವುದು ಹೀಗೆ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಮುಂದಿನ ನಾಟಿಗೆ ಮೊದಲು ನಿಮ್ಮ ರೈತ ಉತ್ಪಾದಕ ಸಂಸ್ಥೆಯಲ್ಲೋ ಹಾಲಿನ ಡೇರಿಯ ಮುಂದೆಯೋ ಒಮ್ಮೆ ಕೂತು ಮಾತನಾಡಿ. ಕೊಯ್ಲು ಮುಗಿದ ತೋಟದ ಗಿಡಗಳನ್ನು ಇಷ್ಟು ದಿನದೊಳಗೆ ಕಿತ್ತು ನಾಶ ಮಾಡಬೇಕೆಂದು ಊರಿಗೇ ಒಂದು ಕಟ್ಟುಪಾಡು ಮಾಡಿಕೊಳ್ಳಿ, ಕೂಲಿ ಹೊರೆಯಾದವರಿಗೆ ಕೈ ಜೋಡಿಸಿ. ಇಡೀ ಊರು ಒಂದೇ ತಳಿ ಹಾಕಬೇಡಿ, ಎರಡು ಮೂರು ಬಗೆಯ ತಡೆ ಇರುವ ತಳಿಗಳನ್ನು ಹಂಚಿಕೊಳ್ಳಿ. ತಡೆ ಮುರಿದಂತೆ ಕಂಡರೆ ಗಿಡವನ್ನು ಕೋಲಾರದ ಟಮಕದಲ್ಲೋ ಚಿಂತಾಮಣಿಯ ಕುರುಬೂರಿನಲ್ಲೋ ಇರುವ ಕೃಷಿ ವಿಜ್ಞಾನ ಕೇಂದ್ರಕ್ಕೆ ತೋರಿಸಿ. ತಳಿ ಸೋತ ಸುದ್ದಿ ವಿಜ್ಞಾನಿಗಳಿಗೆ ಮೊದಲು ತಿಳಿಯಬೇಕಾದದ್ದು ನಿಮ್ಮಿಂದಲೇ. ಪ್ರತಿ ಹೊಸ ತಳಿಯೂ ಮಾರುಕಟ್ಟೆಗೆ ಬರುವ ಮೊದಲು ನಮ್ಮ ಸೀಮೆಯ ನಂಜಿನ ಎದುರು, ನಮ್ಮ ಬೇಸಿಗೆಯಲ್ಲಿ, ಪರೀಕ್ಷೆಯಾದ ಫಲಿತಾಂಶವನ್ನು ಕನ್ನಡದಲ್ಲಿ ಪ್ರಕಟಿಸಿ ಎಂದು ತೋಟಗಾರಿಕೆ ಇಲಾಖೆಯನ್ನೂ ಬೀಜ ಕಂಪನಿಗಳನ್ನೂ ಒಟ್ಟಾಗಿ ಕೇಳಿ. ಒಬ್ಬರು ಕೇಳಿದರೆ ಅರ್ಜಿ, ಒಂದು ತಾಲ್ಲೂಕು ಕೇಳಿದರೆ ಒತ್ತಾಯ. ಬಾಟಲಿಗೆ ಕೊಡುತ್ತಿದ್ದ ದುಡ್ಡಿನಲ್ಲಿ ಅರ್ಧವನ್ನು ಈ ಸಲ ಒಳ್ಳೆಯ ಸಸಿಗೆ, ನರ್ಸರಿಯ ಬಲೆಗೆ ಹಾಕಿ ನೋಡಿ.

ನಿಮ್ಮ ಹಿತ ಬಯಸುವ,
ಒಬ್ಬ ಕೃಷಿ ಬರಹಗಾರ